ಮೊಣಕಾಲೆತ್ತರದ ನಿಯಮ

ಗೋಣಿಚೀಲದ ಒಂದು ತುದಿ ಕಸದ ಲಾರಿಯವನ ಕೈಯಲ್ಲಿತ್ತು, ಇನ್ನೊಂದು ತುದಿ ಟೈಲರಮ್ಮನ ಕೈಯಲ್ಲಿ. ಇಬ್ಬರೂ ಬಿಡುವ ಪೈಕಿ ಅಲ್ಲ.

“ಅಮ್ಮಾ, ಲಾರಿಗೆ ಹಾಕಿದ್ದು ವಾಪಸ್ ಕೊಡೋ ಹಾಗಿಲ್ಲ. ನನ್ನ ಕೆಲಸ ಹೋಗುತ್ತೆ.”

“ಹಾಗಾದ್ರೆ ನನ್ನನ್ನೂ ಹಾಕ್ಕೊಂಡು ಹೋಗಪ್ಪ! ಮನೇಲಿ ನಮ್ಮಣ್ಣನ ಹೆಣ ಇದೆ. ಹನ್ನೊಂದಕ್ಕೆ ಅವನನ್ನ ತಗೊಂಡು ಹೋಗ್ತಾರೆ. ಅಷ್ಟರೊಳಗೆ ಅವನ ತೋಟ ನಿಮಗೆ ಕಸ ಆಗೋಯ್ತಾ?”

ಲಾರಿಯವನು ಅವಳ ಮುಖ ನೋಡಿದ. ತೆರೆದ ಬಾಗಿಲ ಆಚೆ ನಡುಮನೆಯಲ್ಲಿದ್ದ ಬಿಳಿ ಹೊದಿಕೆ ನೋಡಿದ. ಚೀಲ ಬಿಟ್ಟ. ಲಾರಿ ಹತ್ತಿ ಉಳಿದ ಐದು ಚೀಲಗಳನ್ನೂ ತಾನೇ ಇಳಿಸಿಕೊಟ್ಟು, “ನಾನು ನೋಡೇ ಇಲ್ಲ ಅನ್ಕೊಳ್ಳಿ” ಎಂದು ಹೊರಟುಹೋದ.

ಅಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಹಿಂದಿನ ದಿನ ಮಧ್ಯಾಹ್ನ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ ಟೈಲರಮ್ಮನಿಗೆ ಮನೆಯ ಗುರುತೇ ಸಿಗಲಿಲ್ಲ. ಇಪ್ಪತ್ತು ವರ್ಷ ಗೇಟಿನಿಂದ ಮೆಟ್ಟಿಲವರೆಗೆ ಎದೆಯೆತ್ತರ ನಿಲ್ಲುತ್ತಿದ್ದ ಕಾಡು ಆಸ್ಟರ್ ಗಿಡಗಳನ್ನು ಬುಡಮಟ್ಟ ಕತ್ತರಿಸಿ, ನೆಲವನ್ನು ನುಣ್ಣಗೆ ಗುಡಿಸಿಟ್ಟಿದ್ದರು. ಬಾಗಿಲ ಪಕ್ಕದಲ್ಲಿ ಬಡಾವಣೆ ಸಂಘದ ಹೆಸರು ಹೊತ್ತ ಹೂಚಕ್ರ. ಅದೂ ಆಸ್ಟರಿನದೇ, ಆದರೆ ಅಂಗಡಿಯದು: ಎಸಳಿನ ಮೇಲೆ ಎಸಳು ತುರುಕಿ ಬೆಳೆಸಿದ್ದು, ಜೇನು ಬಾಯಿಡೋಣವೆಂದರೂ ಜಾಗವಿಲ್ಲದ್ದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಅತ್ತಿಗೆ, ಯಾರು ಮಾಡಿದ್ದು ಇದನ್ನ?”

ಅತ್ತಿಗೆ ಹೆಣದ ಪಕ್ಕದ ಕುರ್ಚಿಯಿಂದ ತಲೆಯೆತ್ತಲಿಲ್ಲ. “ಸಂಘದ ಸೆಕ್ರೆಟರಿ ನಿನ್ನೆ ಸಂಜೆ ಫೋನ್ ಮಾಡಿದ್ರು. ಜನ ಬರ್ತಾರೆ, ಮುಂದೆ ಸ್ವಲ್ಪ ಚೊಕ್ಕಟ ಮಾಡಿಸ್ಲಾ ಅಂದ್ರು. ಹೂಂ ಅಂದೆ.”

“ಹೂಂ ಅಂದ್ರಾ?”

“ಎಲ್ಲಾದಕ್ಕೂ ಹೂಂ ಅಂತಿದ್ದೆ ಕಣಮ್ಮ ನಿನ್ನೆ. ಡಾಕ್ಟರಿಗೂ ಹೂಂ, ಗಾಡಿಯವನಿಗೂ ಹೂಂ. ಯಾವುದಕ್ಕೆ ಅಂದೆ ಅಂತ ನನಗೇ ಗೊತ್ತಿಲ್ಲ.”

ಅತ್ತಿಗೆಯ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ ಎಂದು ಟೈಲರಮ್ಮನಿಗೆ ಆಗ ತಿಳಿಯಿತು. ಸಿಟ್ಟನ್ನು ಹಾಗೇ ಎತ್ತಿಟ್ಟುಕೊಂಡಳು, ಸರಿಯಾದ ಮನುಷ್ಯ ಬರಲಿ ಎಂದು.

*

ಅಣ್ಣ ನಲವತ್ತು ವರ್ಷ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದವನು. ಜೇಬಿನಲ್ಲಿ ಸದಾ ಭೂತಗನ್ನಡಿ ಇರುತ್ತಿದ್ದುದರಿಂದ ಓಣಿಯಲ್ಲಿ ಅವನ ಹೆಸರೇ ಭೂತಗನ್ನಡಿ. ಆಸ್ಟರ್ ಬೀಜ ತಂದದ್ದು ರೈಲು ಹಳಿಯ ಪಕ್ಕದಿಂದ. “ಇದು ಈ ನೆಲದ್ದೇ ಹೂವು ಕಣೆ. ಗೊಬ್ಬರ ಕೇಳಲ್ಲ, ಉಪಚಾರ ಕೇಳಲ್ಲ. ಬೇರೆ ಹೂವೆಲ್ಲ ಅಂಗಡಿ ಮುಚ್ಚಿದ್ಮೇಲೆ ಇದು ಬಾಗಿಲು ತೆಗೆಯುತ್ತೆ” ಎನ್ನುತ್ತಿದ್ದ. ಚಳಿಗೆ ಮುಂಚೆ ತೋಟವೆಲ್ಲ ನೇರಳೆಯಾಗಿ, ಚಿಟ್ಟೆಗಳೂ ಜೇನುಗಳೂ ಮುತ್ತಿಕೊಳ್ಳುತ್ತಿದ್ದವು. ಆಮೇಲೆ ಗಿಡ ಒಣಗುತ್ತಿತ್ತು. ಜಗಳ ಶುರುವಾಗುತ್ತಿದ್ದುದು ಆಗ.

ಒಮ್ಮೆ ಅವಳು ಅಲ್ಲಿದ್ದಾಗಲೇ ಸೆಕ್ರೆಟರಿ ಅಳತೆಪಟ್ಟಿ ಹಿಡಿದು ಬಂದಿದ್ದರು.

“ಮನೆ ಮುಂದಿನ ಗಿಡ ಮೊಣಕಾಲು ಮೀರೋ ಹಾಗಿಲ್ಲ. ನಿಯಮ ಇದೆ.”

“ಯಾರ ಮೊಣಕಾಲು ಸ್ವಾಮಿ? ನಿಮ್ಮದೋ, ನನ್ನದೋ?”

“ತಮಾಷೆ ಬೇಡ. ಒಣಗಿದ ಕಡ್ಡಿ ಇಟ್ಕೊಂಡು ಏನ್ ಮಾಡ್ತೀರಿ?”

ಅಣ್ಣ ತುದಿ ಮುರಿದ ಒಂದು ಕಡ್ಡಿಯನ್ನು ಬಗ್ಗಿಸಿ ಭೂತಗನ್ನಡಿ ಹಿಡಿದ. “ಬನ್ನಿ, ನೋಡಿ. ಒಳಗೆ ಒಂಟಿಜೇನು ಮಲಗಿದೆ. ಗೂಡು ಕಟ್ಟೋ ಜಾತಿಯಲ್ಲ, ಕಡ್ಡಿಯೇ ಮನೆ. ಚಳಿ ಮುಗಿಯೋವರೆಗೆ ಏಳಲ್ಲ.”

ಸೆಕ್ರೆಟರಿ ಬಗ್ಗಲಿಲ್ಲ. ನೋಟಿಸ್ ಕೊಟ್ಟು ಹೋದರು. ಅಣ್ಣ ಅದನ್ನು ನಾಲ್ಕಾಗಿ ಹರಿದು ಪೊಟ್ಟಣ ಮಡಚಿ, ಆಸ್ಟರ್ ಬೀಜ ತುಂಬಿ ಕೇಳಿದವರಿಗೆಲ್ಲ ಹಂಚಿದ. ಆಮೇಲೆ ಬಂದ ನೋಟಿಸುಗಳಿಗೂ ಅದೇ ಗತಿ.

ಹೋದ ವಾರ ಆಸ್ಪತ್ರೆಯಲ್ಲಿ ಅವಳ ಮಣಿಕಟ್ಟು ಹಿಡಿದು ಅವನು ಕೇಳಿದ್ದು ಇಷ್ಟೇ: “ಚಳಿ ಮುಗಿಯೋವರೆಗೆ ಕಡ್ಡಿ ಮುಟ್ಟೋಕೆ ಯಾರಿಗೂ ಬಿಡ್ಬೇಡ. ನೋಡ್ಕೋತೀಯ ತಾನೆ?” ನೋಡಿಕೊಳ್ಳುತ್ತೇನೆ ಎಂದಿದ್ದಳು.

*

ಹತ್ತೂವರೆಗೆ ಸೆಕ್ರೆಟರಿ ಬಂದರು. ಕಪ್ಪು ಉಣ್ಣೆಯ ಕೋಟು, ಕೈಯಲ್ಲಿ ಮಡಚಿದ ಹಾಳೆ. ಅಂಗಳದ ತುಂಬ ಜನ. ಟೈಲರಮ್ಮ ಚೀಲಗಳನ್ನು ಬಿಚ್ಚಿ, ಕಡ್ಡಿಗಳನ್ನು ಒಂದೊಂದೇ ಆರಿಸಿ ಬಟ್ಟೆಯ ಪಟ್ಟಿಯಿಂದ ಕಂತೆ ಕಟ್ಟುತ್ತಿದ್ದಳು.

ಸೆಕ್ರೆಟರಿ ಮೆಟ್ಟಿಲ ಮೇಲೆ ನಿಂತು ಓದಿದರು. “ಶ್ರೀಯುತರು ಶಿಸ್ತಿನ ಮನುಷ್ಯ. ನಮ್ಮ ಬಡಾವಣೆಯ ಹಸಿರಿಗೆ ಅವರ ಕೊಡುಗೆ ಅಪಾರ. ಅವರ ನೆನಪಿಗಾಗಿ ಸಂಘ ಈ ತೋಟವನ್ನು ಸ್ವಚ್ಛಗೊಳಿಸಿದೆ…”

“ಸಾಕು ನಿಲ್ಸಿ!” ಟೈಲರಮ್ಮ ಎದ್ದಳು. “ಬದುಕಿದ್ದಾಗ ನೋಟಿಸ್ ಕೊಟ್ರಿ. ಅವನು ಕಣ್ಮುಚ್ಚೋದನ್ನೇ ಕಾಯ್ತಿದ್ರಾ? ಉಸಿರು ನಿಂತು ಒಂದು ರಾತ್ರಿ ಕಳೆದಿಲ್ಲ, ಮಷೀನ್ ತಂದು ಬೋಳಿಸಿದ್ರಲ್ಲ! ಮೇಲಿಂದ ಭಾಷಣ ಬೇರೆ!”

“ನೋಡಿಮ್ಮಾ, ದುಃಖದಲ್ಲಿದ್ದೀರಿ…”

“ದುಃಖ ಆಮೇಲೆ ಪಡ್ತೀನಿ. ಈಗ ಸಿಟ್ಟು ಬಂದಿದೆ. ಇವನ್ನೆಲ್ಲ ಹಿಂದಿನ ಗೋಡೆಗೆ ಒರಗಿಸ್ಬೇಕು, ಗಾಡಿ ಬರೋದರೊಳಗೆ. ಹಿಡೀರಿ.”

ತೋಳು ತುಂಬ ಒಂದು ಕಂತೆ ತಂದು ಅವರ ಎದೆಗೆ ಒತ್ತಿದಳು. ನಲವತ್ತು ಜನ ನೋಡುತ್ತಿದ್ದರು. ಸೆಕ್ರೆಟರಿ ಹಿಡಿದರು, ಹಿಡಿಯದೆ ಏನು ಮಾಡಿಯಾರು. ಒಂದಲ್ಲ, ಎಂಟು ಕಂತೆ ಹೊತ್ತರು. ಮೊದಲು ಕೈಜೋಡಿಸಿದ್ದು ಕನ್ನಡಕದ ಅಂಗಡಿಯ ಯಜಮಾನ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಅಣ್ಣನನ್ನು ಒಯ್ಯುವ ಗಾಡಿ ಬಂದಾಗ ಹಿಂದಿನ ಗೋಡೆಯುದ್ದಕ್ಕೂ ಕಡ್ಡಿಗಳು ನಿಂತಿದ್ದವು. ಯಂತ್ರದ ಬಾಯಿಗೆ ಸಿಕ್ಕಿ ಪುಡಿಯಾದವೂ ಬೇಕಾದಷ್ಟಿದ್ದವು. ಅವುಗಳಲ್ಲಿ ಎಷ್ಟು ಜೇನು ಮಲಗಿದ್ದವೋ, ಲೆಕ್ಕ ಇಡುತ್ತಿದ್ದವನು ಬಿಳಿ ಹೊದಿಕೆಯ ಕೆಳಗಿದ್ದ. ಆಗ ಟೈಲರಮ್ಮನಿಗೆ ಅಳು ಬಂತು.

*

ಸ್ಮಶಾನದಿಂದ ಮರಳುವಾಗ ಬಿಸಿಲು ಇಳಿದಿತ್ತು. ಅತ್ತಿಗೆ, ನಾದಿನಿ ಇಬ್ಬರೂ ಗೇಟಿನ ಬಳಿಯೇ ನಿಂತರು, ಒಳಗೆ ಹೋಗಲು ಮನಸ್ಸಾಗದೆ.

ಎದುರು ಮನೆಯೇ ಸೆಕ್ರೆಟರಿಯದು. ಅವರ ಹುಲ್ಲುಹಾಸು ಹೊಸದಾಗಿ ಕ್ಷೌರ ಮಾಡಿಸಿದ ತಲೆಯ ಹಾಗಿತ್ತು. ಅವರು ಅದರ ನಡುವೆ ನಿಂತು ಕೋಟನ್ನು ನೋಡಿಕೊಳ್ಳುತ್ತಿದ್ದರು. ಎದೆ, ತೋಳು, ಜೇಬು, ಎಲ್ಲ ಕಡೆ ಆಸ್ಟರ್ ಬೀಜ ಬಿಳಿ ನವಿರಿನ ಸಮೇತ ಅಂಟಿಕೊಂಡಿತ್ತು. ಮುಖ ಸಿಂಡರಿಸಿ ಎರಡೂ ಕೈಯಿಂದ ಫಟಫಟ ಒದರತೊಡಗಿದರು.

ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅವಳ ಕೈ ಅದುಮಿದಳು. ಆಮೇಲೆ ದಿನವಿಡೀ ಮೇಲೇಳದಿದ್ದ ದನಿಯಲ್ಲಿ ರಸ್ತೆಯಾಚೆಗೆ ಕೂಗಿದಳು.

“ಬೆನ್ನಿಗೂ ಅಂಟಿದೆ ನೋಡಿ ಸೆಕ್ರೆಟರಿಯವರೇ! ಕೋಟು ಬಿಚ್ಚಿ ಚೆನ್ನಾಗಿ ಒದರಿ!”

“ಓಹ್, ಥ್ಯಾಂಕ್ಸಮ್ಮಾ” ಎಂದು ಅವರು ಕೋಟು ಬಿಚ್ಚಿದರು. ಎರಡು ಹೆಗಲೂ ಹಿಡಿದು, ಹುಲ್ಲುಹಾಸಿನ ಈ ಮೂಲೆಯಿಂದ ಆ ಮೂಲೆಯವರೆಗೆ ನಡೆಯುತ್ತ ಝಾಡಿಸಿದರು. ಬಿಳಿ ನವಿರು ಸಂಜೆ ಬಿಸಿಲಿನಲ್ಲಿ ಮೇಲೆದ್ದು, ನಿಧಾನವಾಗಿ ಹುಲ್ಲಿನ ಮೇಲೆಲ್ಲ ಇಳಿಯಿತು.