ಭಾವ ಮಾರಲು ಹೊರಟ ಕ್ಯಾಮೆರಾ

ಅವಳ ಗಂಡ ಬದುಕಿದ್ದಾಗ ಆ ಕ್ಯಾಮೆರಾದಿಂದ ಮನೆಯಲ್ಲಿ ಯಾರೂ ಸುಖಪಟ್ಟವರಲ್ಲ. ಸೋವಿಯತ್ ಕಾಲದ್ದು, ಕುತ್ತಿಗೆಗೆ ಹಾಕಿಕೊಂಡರೆ ಬೀಸುವ ಕಲ್ಲು ಹೊತ್ತಂತೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಒಂದೊಂದಕ್ಕೂ ಅವನು ಅರ್ಧ ಗಂಟೆ ಕೂರಿಸುತ್ತಿದ್ದ. ನಗು ಮುಖದ ಮೇಲೇ ಹಳಸಿದ ನಂತರ ಬಟನ್ ಒತ್ತುತ್ತಿದ್ದ. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಬಿದ್ದಂಥ ಸದ್ದಿಗೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಆಲ್ಬಮ್ ನೋಡಿದವರು, ಈ ವಂಶವೇ ಕೂತಲ್ಲಿ ನಿದ್ದೆ ಹೊಡೆಯುತ್ತದೆ ಅಂದುಕೊಳ್ಳಬೇಕು.

ಅವನು ಹೋದ ಮೇಲೆ ಅವನ ಅಣ್ಣ, ಅವಳ ಭಾವ, ಸಾಮಾನುಗಳನ್ನು ಒಂದೊಂದಾಗಿ ಸಾಗಹಾಕಿದರು. ಅಂಗಿಗಳು, ಸ್ಕೂಟರು, ಓದುವ ಮೇಜು. ಅವಳು ಎಲ್ಲದಕ್ಕೂ "ಹೂಂ" ಎಂದಳು. ಕ್ಯಾಮೆರಾದ ಸರದಿ ಬಂದಾಗ ಮಾತ್ರ "ಬೇಡ" ಎನ್ನಬೇಕೆನಿಸಿತು. ಬಾಯಿಗೆ ರೂಢಿ ತಪ್ಪಿತ್ತು. ಮತ್ತೆ "ಹೂಂ" ಎಂದೇ ಬಂತು.

ಭಾನುವಾರ ಕೊಳ್ಳುವವರು ಬಂದರು. ಹಲ್ಲಿನ ಡಾಕ್ಟರು, ಹಳೇ ಕ್ಯಾಮೆರಾಗಳ ಹುಚ್ಚು ಹೊಸದಾಗಿ ಹಿಡಿದಿತ್ತು. ಮೇಲಿನ ಮುಚ್ಚಳ ತೆರೆದು, ರೋಗಿಯ ಬಾಯೊಳಗೆ ಬಗ್ಗಿದಂತೆ ಬಗ್ಗಿ ಗಾಜಿನಲ್ಲಿ ನೋಡಿದರು.

"ಆಹಾ! ನಿಮ್ಮ ತಾಯಿಯವರು ಎಷ್ಟು ಚೆನ್ನಾಗಿ ಕಾಣ್ತಾರೆ ಇದ್ರಲ್ಲಿ!"

"ಹೊರಗೂ ಹಾಗೇ ಇದೀನಿ," ಎಂದರು ಅತ್ತೆ, ಕುರ್ಚಿಯಿಂದಲೇ.

ಡಾಕ್ಟರು ಬಟನ್ ಒತ್ತಿದರು. ಧಡಾರ್! ಗಾಜು ಕಪ್ಪಾಯಿತು.

"ಏನೂ ಕಾಣ್ತಿಲ್ವಲ್ಲ?"

"ಲೈಟ್ ಹಾಕ್ಲಾ?" ಎಂದು ಭಾವ ಎದ್ದು ಹಾಕಿಯೂ ಹಾಕಿದರು. ಗಾಜಿನ ಕತ್ತಲು ಜಪ್ಪಯ್ಯ ಅನ್ನಲಿಲ್ಲ.

"ಒಳಗೆ ಕನ್ನಡಿ ಬಿದ್ಹೋಯ್ತು ಕಣ್ರೀ." ಡಾಕ್ಟರ ಬೆರಳು ಪಕ್ಕದ ಲಿವರಿನತ್ತ ಹೋಯಿತು.

"ಮುಟ್ಬೇಡಿ!" ಭಾವ ಕೂಗಿದರು. "ಇನ್ನೇನಾದ್ರೂ ಮುರಿದ್ರೆ ನೀವೇ ತಗೋಬೇಕಾಗತ್ತೆ!"

ಬೆರಳು ಬೆಂಕಿ ತಾಗಿದಂತೆ ಹಿಂದಕ್ಕೆ ಬಂತು.

ಆ ಕ್ಯಾಮೆರಾದ ಹಣೆಬರಹವೇ ಅಷ್ಟು. ಒಮ್ಮೆ ಒತ್ತಿದರೆ ಕನ್ನಡಿ ಮೇಲೆದ್ದು ಮುನಿಸಿಕೊಂಡವರಂತೆ ಅಲ್ಲೇ ಕೂರುತ್ತದೆ. ಲಿವರ್ ಎಳೆದು ಕರೆಯುವ ತನಕ ಇಳಿಯುವುದಿಲ್ಲ. ಅವಳಿಗೆ ಅದು ಗೊತ್ತಿತ್ತು. ಬೆಳಿಗ್ಗೆ ಒರೆಸುವಾಗ ಎಳೆದಿಟ್ಟವಳೇ ಅವಳು.

"ಇದರ ಬಗ್ಗೆ ಅವ್ನೇನಾದ್ರೂ ಹೇಳಿದ್ನೇನಮ್ಮ ನಿಂಗೆ?" ಭಾವ ಕೇಳಿದರು.

ಒಂದು "ಹೂಂ" ಸಾಕಿತ್ತು, ಕ್ಯಾಮೆರಾ ಡಾಕ್ಟರ ಚೀಲ ಸೇರಲು.

"ನಂಗೇನ್ ಗೊತ್ತು ಭಾವ," ಎಂದಳು. "ನಾನು ಓದಿದ್ದು ಇತಿಹಾಸ."

ಭಾವ ತಾಯಿಯ ಕಡೆ ತಿರುಗಿದರು. ಅತ್ತೆ ಗೋಡೆ ನೋಡುತ್ತ, "ಅವ್ನು ತಂದಿದ್ರಲ್ಲಿ ಯಾವ್ದು ನೆಟ್ಟಗಿತ್ತು, ನೀನೇ ಹೇಳು," ಎಂದರು.

ಡಾಕ್ಟರು ನೀರು ಕುಡಿದು ಎದ್ದರು. "ಗುಜರಿಗೂ ಬೇಡದ ಮಾಲು, ಇಲ್ಲೇ ಬಿದ್ದಿರ್ಲಿ," ಎಂದು ಗೊಣಗುತ್ತ ಭಾವ ಅವರನ್ನು ಕಳಿಸಿಕೊಡಲು ಹೊರಗೆ ಹೋದರು.

ಬಾಗಿಲು ಹಾಕಿಕೊಂಡದ್ದೇ ತಡ, ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಎಳಿಯೇ ಆ ಲಿವರ್ನ. ಎಷ್ಟು ಹೊತ್ತೂಂತ ಬಾಯಿ ಮುಚ್ಕೊಂಡಿರ್ಲಿ? ನಂಗೂ ಬಿ.ಪಿ. ಇದೆ."

"ನಿಮಗೆ ಗೊತ್ತಿತ್ತಾ ಅತ್ತೆ?"

"ಅದರ ಮುಂದೆ ಕೂತೂ ಕೂತೂ ಸೊಂಟ ಬಿದ್ದಿರೋದು ಯಾರ್ದು ಅಂದ್ಕೊಂಡೆ?"

ಅವಳಿಗೆ ನಗು ಬಂತು. ಸಣ್ಣದಾಗಿ ಶುರುವಾಗಿ, ಹಿಡಿತಕ್ಕೆ ಸಿಗದೆ ಹೋಯಿತು. ಅತ್ತೆ ಗಾಬರಿಯಿಂದ ತಮ್ಮ ಕೈಯನ್ನೇ ಅವಳ ಬಾಯಿಗೆ ಒತ್ತಿದರು.

"ಮೆತ್ತಗೆ! ಆ ಪೆದ್ದ ಇನ್ನೂ ಗೇಟಲ್ಲೇ ಇದಾನೆ."