ಅಡ್ಡಿಲ್ಲ

ಮಣಿಪಾಲದಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಆ ಶೋರೂಮನ್ನು ಹಳೆಯ ಧಣಿಗಳು ಬೆಂಗಳೂರಿನ ಕಂಪೆನಿಗೆ ಮಾರಿದ ಮೇಲೆ ಹೊಸದೊಂದು ಕಟ್ಟಳೆ ಬಂತು. ಬೆಳಗ್ಗೆ ಗಿರಾಕಿಗಳು ಬರುವ ಮೊದಲು ಎಲ್ಲರೂ ಸುತ್ತು ನಿಲ್ಲಬೇಕು. ಹೊಸ ಮ್ಯಾನೇಜರ್ ವಿಕಾಸ್ ನಡುವೆ ನಿಂತು ಹೇಗಿದ್ದೇವೆ ಎಂದು ಕೇಳುವುದು, ಉಳಿದವರು ಚಪ್ಪಾಳೆ ತಟ್ಟಿ "ಸೂಪರ್" ಎಂದು ಕೂಗುವುದು. ನಾವೆಲ್ಲ ಒಂದೇ ಕುಟುಂಬ ಎಂಬುದು ಕಂಪೆನಿಯ ಮಾತು.

ಅಲ್ಲಿನ ಹಳೆಯ ಸೇಲ್ಸ್‌ಮನ್, ಕಾಪುವಿನ ಉಮಾನಾಥನಿಗೆ ಚಪ್ಪಾಳೆಯೇನೋ ಕೈಗೆ ಬಂತು, ಕೂಗು ಮಾತ್ರ ಗಂಟಲಿಗೆ ಬರಲಿಲ್ಲ. ಆಟಿ ತಿಂಗಳ ಮಳೆಯ ಸಂಜೆಗಳಲ್ಲಿ ಅಜ್ಜ ರಾಗವೆಳೆದು ಭಾರತ ಓದುವಾಗ ಕಂಬಕ್ಕೆ ಒರಗಿ ಕೇಳುತ್ತ ದೊಡ್ಡವನಾದ ಮನುಷ್ಯ ಅವನು. ಗಿರಾಕಿಯ ಮಾತನ್ನೂ ಹಾಗೆಯೇ ಕೊನೆತನಕ ಕೇಳುವನು. ಸಣ್ಣ ಫ್ರಿಜ್ ಸಾಕಾಗುವವರಿಗೆ ಸಣ್ಣದನ್ನೇ ತೋರಿಸುವನು. ಹಳೆಯ ಧಣಿಗಳಿಗೆ ಅದು ಹಿಡಿಸಿತ್ತು. ವಿಕಾಸನ ಕಣ್ಣಿಗೆ ಅದೇ ನಿರುತ್ಸಾಹವಾಗಿ ಕಂಡಿತು.

ಆದರೂ ಉಮಾನಾಥ ದಿನವೂ ಸುತ್ತಿನಲ್ಲಿ ನಿಂತು ತುಟಿ ಆಡಿಸುತ್ತಿದ್ದ. ಹೆಂಡತಿ ಕುಶಲಾಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಮಣಿಪಾಲದಲ್ಲಿ ಡಯಾಲಿಸಿಸ್. ಅದು ನಡೆಯುತ್ತಿದ್ದುದು ಈ ಕೆಲಸದ ಇಎಸ್‌ಐ ಕಾರ್ಡಿನ ಮೇಲೆ. ಬೆಳಗ್ಗೆ ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಶೋರೂಮಿಗೆ ಬರುತ್ತಿದ್ದ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಓಡಿ, ಉಡುಪಿಯ ತನಕ ಜೊತೆಗೆ ಹೋಗಿ ಕಾಪುವಿನ ಬಸ್ಸಿನಲ್ಲಿ ಕೂರಿಸಿ ಹಿಂದಿರುಗುತ್ತಿದ್ದ.

ಹೀಗಿರುವಾಗ ಬೆಂಗಳೂರಿನಿಂದ ಕಂಪೆನಿಯ ಡೈರೆಕ್ಟರ್ ಬಂದರು. ಇಲ್ಲಿ ಕೆಲಸ ಹೇಗಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದರು. ಉದ್ಯಾವರದ ರಿತೇಶ್ ಸೂಪರ್ ಎಂದ. ಶಿರ್ವದ ಲೊರ್ನಾ ಸೂಪರ್ ಎಂದಳು. ತನ್ನ ಸರದಿ ಬಂದಾಗ ಉಮಾನಾಥನಿಗೆ ಕುಶಲಾ ನೆನಪಾದಳು, ತಿನ್ನುವ ಅನ್ನ ನೆನಪಾಯಿತು, ಎದೆ ತುಂಬಿತು. ಎದೆ ತುಂಬಿದಾಗ ಬರುವ ಊರಿನ ಮಾತೇ ಬಾಯಿಗೆ ಬಂತು.

"ಅಡ್ಡಿಲ್ಲ ಸರ್," ಎಂದು ಕೈಮುಗಿದ.

ಡೈರೆಕ್ಟರರ ಹುಬ್ಬು ಗಂಟಿಕ್ಕಿತು. "ಅಡ್ಡಿ ಇಲ್ಲ ಅಂದ್ರೆ? ಬೇರೆ ದಾರಿ ಇಲ್ಲ, ಸಹಿಸ್ಕೊಂಡಿದ್ದೀನಿ ಅಂತಾನಾ?"

"ಹಾಗಲ್ಲ ಸರ್. ನಮ್ಮಲ್ಲಿ ಅಡ್ಡಿಲ್ಲ ಅಂದ್ರೆ ಒಳ್ಳೆಯದುಂಟು ಅಂತ ಅರ್ಥ."

ಇಲ್ಲಿ ಹಾಗೆ ಹೇಳುವುದುಂಟೇ ಎಂದು ವಿಕಾಸ್ ಉಳಿದವರನ್ನು ಕೇಳಿದ. ಬಂಗುಡೆ ತಾಜಾ ಇದ್ದರೂ ಅಡ್ಡಿಲ್ಲ, ಹುಡುಗಿ ಮನಸ್ಸಿಗೆ ಬಂದರೂ ಅಡ್ಡಿಲ್ಲ ಎನ್ನುವ ಊರು ಅದು. ಅವತ್ತು ಬೆಳಗ್ಗೆಯಷ್ಟೇ ರಿತೇಶ್ ಬಿಸಿ ಗೋಳಿಬಜೆ ತಿಂದು, ಅಡ್ಡಿಲ್ಲ ಮಾರಾಯ ಎಂದು ಬೆರಳು ನೆಕ್ಕಿದ್ದ.

"ನಾವು ಹಾಗೆಲ್ಲ ಹೇಳುವುದಿಲ್ಲ ಸರ್," ಎಂದ ರಿತೇಶ್.

ಲೊರ್ನಾ ನೆಲ ನೋಡುತ್ತ ನಿಂತಳು.

ಆ ಸಂಜೆಯೇ ಉಮಾನಾಥನನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ಅವನನ್ನು ಕೇಳಿಕೊಂಡು ಬಂದ ಗಿರಾಕಿಗಳನ್ನು ಬೇರೆಯವರ ಕಡೆ ಕಳಿಸಿದರು. ಬೆನ್ನ ಹಿಂದೆ ಅವನಿಗೆ ಅಡ್ಡಿಲ್ಲ ಎಂಬುದೇ ಹೆಸರಾಯಿತು. ಹಾಗೆ ಕರೆದು ನಗುತ್ತಿದ್ದವರೆಲ್ಲ ಆ ಮಾತಿನ ಅರ್ಥ ಬಲ್ಲವರೇ. ಲೊರ್ನಾ ಒಮ್ಮೆ ಮೆಟ್ಟಿಲ ಬಳಿ ಸಿಕ್ಕಿ ತಗ್ಗಿದ ದನಿಯಲ್ಲಿ, "ಬೇಜಾರು ಮಾಡಬೇಡಿ ಉಮಾನಾಥಣ್ಣ. ನನ್ನದು ಇನ್ನೂ ಪರ್ಮನೆಂಟ್ ಆಗಲಿಲ್ಲ ಅಲ್ವಾ," ಎಂದಳು. ಅವನು ತಲೆಯಾಡಿಸಿದ. ಅವಳ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದ, ಬರಲಿಲ್ಲ.

ವಾರ ಕಳೆಯುವುದರೊಳಗೆ, ಮಣಿಪಾಲದಿಂದ ಬಸ್ಸಿನಲ್ಲಿ ಗಂಟೆಯ ದಾರಿಯಾದ ಕಾರ್ಕಳದ ಗೋಡೌನಿಗೆ ವರ್ಗ ಎಂದರು. ಉಮಾನಾಥ ವಿಕಾಸನ ಕೋಣೆಗೆ ಹೋಗಿ ಕುಶಲಾಳ ವಿಷಯವನ್ನೆಲ್ಲ ಬಿಡಿಸಿ ಹೇಳಿ ಬೇಡಿಕೊಂಡ. ವಿಕಾಸ್ ಗದರಲಿಲ್ಲ, ಕುರ್ಚಿ ಕೊಟ್ಟ, ನೀರು ಕೊಟ್ಟ. ಕಂಪೆನಿಗೆ ಒಂದು ವಿಡಿಯೊ ಬೇಕಾಗಿದೆ, ಅದರಲ್ಲಿ ಮನಸಾರೆ ಒಂದು ಮಾತು ಹೇಳಿದರೆ ಡೈರೆಕ್ಟರಲ್ಲಿ ಮಾತಾಡಬಹುದು ಎಂದ.

ಫ್ರಿಜ್‌ಗಳ ಸಾಲಿನ ಮುಂದೆ ಅವನನ್ನು ನಿಲ್ಲಿಸಿದರು. ಉಮಾನಾಥ ಸೂಪರ್ ಎಂದ. ಸಾಲದು ಎಂದರು. ಮತ್ತೆ ಹೇಳಿದ. ಹಲ್ಲು ಕಾಣಲಿ ಎಂದರು, ಕಾಣಿಸಿದ. ಕೈ ಮೇಲೆತ್ತಿ ಎಂದರು, ಎತ್ತಿದ. ಕೊನೆಗೆ ಕಣ್ಣು ಮುಚ್ಚಿ ಎಷ್ಟು ಜೋರಾಗಿ ಕೂಗಿದನೆಂದರೆ ರಸ್ತೆಯಲ್ಲಿ ಹೋಗುವವರು ನಿಂತು ಗಾಜಿನೊಳಗೆ ಇಣುಕಿದರು. ನಗುತ್ತಿದ್ದ ರಿತೇಶ್ ಕೂಡ ಮುಖ ತಿರುಗಿಸಿದ.

ವಿಕಾಸ್ ಮೊಬೈಲಿನಲ್ಲಿ ಅದನ್ನು ಪುನಃ ಹಾಕಿ ನೋಡಿದ. "ಹೃದಯದಿಂದ ಬರ್ತಾ ಇಲ್ಲ ಉಮಾನಾಥ್. ನಾನೇನು ಮಾಡ್ಲಿ ಹೇಳಿ."

ಕೆಲಸ ಬಿಡಬೇಡಿ, ಕಾರ್ಡು ಹೋದರೆ ಮುಗಿಯಿತು ಎಂದು ಕುಶಲಾ ಹೇಳಿದಳು. "ನಾನೊಬ್ಬಳೇ ಹೋಗಿ ಬರ್ತೇನೆ. ಬಸ್ಸು ಉಂಟಲ್ಲ."

ಕಾರ್ಕಳದ ಗೋಡೌನಿನಲ್ಲಿ ಮೊಬೈಲನ್ನು ಗೇಟಿನಲ್ಲೇ ಕೊಡಬೇಕು. ಮೊದಲ ಶುಕ್ರವಾರ ಮಧ್ಯಾಹ್ನ ಉಮಾನಾಥ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದ. ಈಗ ಅವಳು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿರಬೇಕು. ಡಯಾಲಿಸಿಸ್ ಆದ ಮೇಲೆ ಅವಳಿಗೆ ತಲೆ ತಿರುಗುತ್ತದೆ. ಸೂಜಿ ಚುಚ್ಚಿದ ಎಡಗೈಯಿಂದ ಕಂಬಿ ಹಿಡಿಯುವ ಹಾಗಿಲ್ಲ. ಬಲಗೈಯಲ್ಲಿ ಚೀಲ ಇರುತ್ತದೆ.

ಮೇಸ್ತ್ರಿ ಬೇಗ ಎಂದ. ಉಮಾನಾಥ ಮುಂದಿನ ಪೆಟ್ಟಿಗೆಗೆ ಹೆಗಲು ಕೊಟ್ಟ.