ಗುರುವಾರದ ಕೋಣೆ

ಸದಾನಂದರಾಯರ ಬಿಸ್ಕಿಟು ಚಹಾದಲ್ಲಿ ಮುರಿದು ಮುಳುಗಿತು, ಅವರು ಚಮಚಕ್ಕಾಗಿ ಆಚೀಚೆ ನೋಡಿದರು, ಸಿಗಲಿಲ್ಲ, ಎರಡು ಬೆರಳು ಇಳಿಸಿ ಸುಟ್ಟುಕೊಂಡರು — ಪಾಪ, ಎಂದುಕೊಂಡಳು ರೇಣು, ಪಕ್ಷದ ಹಿರಿಯರು, ತನಗೆ ಟಿಕೆಟು ಕೊಡಿಸಿದವರು, ಇನ್ನು ಸ್ವಲ್ಪ ಹೊತ್ತಿಗೆ ಇವರ ಎದುರೇ ಕೈ ಎತ್ತಬೇಕು, ಅಥವಾ ಎತ್ತದೆ ಕೂರಬೇಕು, ವಾರ್ಡ್ ಸಮಿತಿಯ ಈ ಉದ್ದ ಮೇಜಿನ ಸುತ್ತ ಕೂತವರೆಲ್ಲ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದ ಹಾಗಿದ್ದಾರೆ, ವಿಷಯವಾದರೂ ಎಷ್ಟು ಸಣ್ಣದು, ಈ ಮರಾಠಿ ಊರಿನ ಸದಾಶಿವ ಪೇಠದ ಮುಚ್ಚಿಹೋದ ಶಾಲೆಯ ಕಟ್ಟಡ, ಅದರ ಕೆಳಗಿನ ಕೋಣೆಗಳಲ್ಲಿ ಪೊಲೀಸರ ಕೈಗೆ ಸಿಕ್ಕ ಹುಡುಗರ ಕೇಂದ್ರ, ಬಾಲ ನ್ಯಾಯ ಮಂಡಳಿಯವರು ಮನೆಗೇನೋ ಬಿಟ್ಟಿದ್ದಾರೆ, ಆದರೆ ವಾರಕ್ಕೊಮ್ಮೆ ಈ ಕೇಂದ್ರಕ್ಕೆ ಬಂದು ಕೂರಲೇಬೇಕು ಅಂದಿದ್ದಾರೆ. ಈಗ ಅದನ್ನು ಖಾಲಿ ಮಾಡಿಸಿ ವಾಚನಾಲಯ ಮಾಡಬೇಕಂತೆ, ಕೇಂದ್ರ ಸಾಸವಡ ರಸ್ತೆಯಲ್ಲಿ ಊರು ಮುಗಿಯುವ ಕಡೆ ಇರುವ ಹಳೆಯ ಗೋದಾಮಿಗೆ ಹೋಗಬೇಕಂತೆ. ತಪ್ಪೇನಿದೆ, ಜಿಲ್ಲೆಜಿಲ್ಲೆಯಿಂದ ಪರೀಕ್ಷೆಗೆಂದು ಬಂದ ಮಕ್ಕಳು ಹಳೆಯ ವಾಡೆ ಮನೆಗಳ ಮೆಟ್ಟಿಲ ಮೇಲೆ, ನಿಲ್ಲಿಸಿದ ಸ್ಕೂಟರುಗಳ ಮೇಲೆ ಪುಸ್ತಕ ಹರವಿಕೊಂಡು ಓದುವುದನ್ನು ಅವಳು ದಿನಾ ಕಾಣುತ್ತಾಳೆ, ಅವರಿಗೊಂದು ಜಾಗ ಕೊಡಿಸುತ್ತೇನೆಂದು ಚುನಾವಣೆಯಲ್ಲಿ ಮಾತು ಕೊಟ್ಟವಳೂ ಅವಳೇ, ಬೆಳಿಗ್ಗೆ ಸೀರೆ ಅಂಗಡಿಯ ಷಟರ್ ಎತ್ತುತ್ತ ಗಂಡ ಗುರಣ್ಣ ಹೇಳಿದ್ದೂ ಅದನ್ನೇ, ನೀ ಹೊಸಾಕಿ, ಮೊದಲನೇ ವರ್ಷನ ಹಿರ್ಯಾರ ಸಂಗಾಟ ಜಗಳ ಬ್ಯಾಡ, ಸುಮ್ನ ಎಲ್ಲಾರ ಜೋಡಿ ಕೈ ಎತ್ತಿ ಬಾ — ಅವನು ಕೆಟ್ಟವನಲ್ಲ, ಕೇಂದ್ರದ ಹುಡುಗರು ಬೀದಿಯಲ್ಲಿ ನಿಂತರೆ ಗಿರಾಕಿಗಳು ಪರ್ಸನ್ನು ಎದೆಗೆ ಅವಚಿಕೊಳ್ಳುವುದು ಸುಳ್ಳೂ ಅಲ್ಲ.

ಆದರೆ ನಿನ್ನೆ ಅಲ್ಲಿಗೆ ಹೋಗಬಾರದಿತ್ತು, ಕೇಂದ್ರ ನಡೆಸುವ ಅನುಸೂಯಾ ಒಮ್ಮೆ ಕಣ್ಣಿಂದ ನೋಡ್ರಿ, ಆಮ್ಯಾಲೆ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ ಅಂದಿದ್ದಳು, ನೋಡಿದ್ದೇ ತಪ್ಪಾಯಿತು, ನೋಡುವುದಕ್ಕೆ ಏನಿತ್ತು, ಸುಣ್ಣ ಉದುರಿದ ಗೋಡೆ, ಎರಡು ಕುರ್ಚಿ, ಒಂದರಲ್ಲಿ ಹದಿನೈದರ ಹುಡುಗ, ಅಮರ, ಹಿರಿಯ ಹುಡುಗರು ಕದ್ದ ಬೈಕಿನ ಹಿಂದೆ ಕೂತು ಸಿಕ್ಕಿಬಿದ್ದವನು, ಎದುರಿಗೆ ಅವನ ತಾಯಿ ಕಲ್ಲವ್ವ, ಯಾದಗಿರಿಯ ಕಡೆಯಿಂದ ಬಂದು ವಿಮಾನ ನಗರದಲ್ಲಿ ಎದ್ದೇಳುತ್ತಿರುವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುವವಳು, ರೇಣು ಆಡಿದ ಒಂದು ಕನ್ನಡ ಮಾತಿಗೆ ಎದ್ದೇ ನಿಂತುಬಿಟ್ಟಳು, ಯಕ್ಕಾ, ನೀವೂ ನಮ್ ಕಡಿಯವ್ರೇನ್ರಿ, ಆಮೇಲೆ ಮಾತು ನಿಲ್ಲಲೇ ಇಲ್ಲ, ನಾ ಕೆಲಸಕ್ಕ ಹೋಗೂಮುಂದ ಇವ ಮಲಗಿರ್ತಾನ್ರಿ, ನಾ ಬರೂದ್ರಾಗ ಎತ್ತಾಗೋ ಹೋಗಿರ್ತಾನ, ಮಗನ ಮಾರಿ ಹೆಂಗದ ಅಂಬೋದ ಮರ್ತಿದ್ದೆ ನೋಡ್ರಿ, ಇಲ್ಲಿ ಗುರುವಾರಕ್ಕೊಮ್ಮಿ ಎದರಾಎದರ ಕುಂದರಸ್ತಾರ, ಮೊದಮೊದಲ ಗ್ವಾಡಿ ನೋಡ್ಕೋತ ಕುಂದರ್ತಿದ್ದ, ಹೋದ ವಾರ ಈ ಮೇಡಮ್ಮೋರು ಏನರ ಚಿತ್ರ ತಗೀ ಅಂದ್ರು, ನಾ ನಮ್ಮ ಎಮ್ಮಿ ತಗದ್ನಿ, ಇವ ಅದನ್ನ ಹಲ್ಲಿ ಅಂದ್ನರೀ, ಅಂದು ನಕ್ಕ, ವರ್ಷಾತು ಇವ ನನ್ನ ಮುಂದ ನಕ್ಕು — ಹುಡುಗ ನಾಚಿ ತಲೆ ತಗ್ಗಿಸಿದ್ದ, ಅವ್ವಾ ಸಾಕ್ ಬಿಡ ಅಂದಿದ್ದ, ಆ ಧ್ವನಿ ಆಗಷ್ಟೇ ಒಡೆಯುತ್ತಿತ್ತು, ಅರ್ಧ ಮಗು, ಅರ್ಧ ಗಂಡಸು. ಗೋದಾಮಿಗೆ ಹೋಗಲು ಇವರು ಬಸ್ಸು ಬದಲಿಸಿ ಬದಲಿಸಿ ಹೋಗಬೇಕು, ಇಡೀ ದಿನದ ಕೆಲಸ ಬಿಡಬೇಕು, ಬಿಡುವುದಿಲ್ಲ, ಬಿಟ್ಟರೆ ಮೇಸ್ತ್ರಿ ಬೇರೆಯವರನ್ನು ಕರೆದುಕೊಳ್ಳುತ್ತಾನೆ. ಎದುರಾಎದುರು ಕೂರುವುದರಿಂದ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು, ತಾನು ಗುಳೇದಗುಡ್ಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಬೀದಿಯ ಮರಾಠಿ ತಿಳಿಯದೆ ಬಾಯಿ ಹೊಲಿದುಕೊಂಡಿದ್ದಾಗ ಪಕ್ಕದಲ್ಲಿ ಅತ್ತೆ ಅವ್ವಮ್ಮ ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಸಿಪ್ಪೆ ಗುಡ್ಡೆಯಾಗುತ್ತಿತ್ತು ಅಷ್ಟೆ, ಒಂದು ದಿನ ರೇಣುವೇ ಬಾಯಿ ಬಿಟ್ಟಳು, ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ ಎಂದು ಗುರಣ್ಣ ಈಗಲೂ ನಗುತ್ತಾನೆ, ಇದನ್ನು ಸಭೆಯಲ್ಲಿ ಹೇಳಲಾಗುತ್ತದೆಯೇ, ಶೇಂಗಾ ಸುಲಿದರೆ ಮಕ್ಕಳು ಸುಧಾರಿಸುತ್ತಾರೆ ಅಂತ.

ರೇಣುತಾಈ, ಎಂದು ಸದಾನಂದರಾಯರು ಕರೆಯುತ್ತಿದ್ದಾರೆ, ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಮರಾಠಿಯಲ್ಲಿ ತಾಈ ಅಂದರೆ ಅಕ್ಕ, ಅದು ಗೊತ್ತಿದ್ದೂ ಅವಳ ಕಿವಿಗೆ ಯಾವತ್ತೂ ತಾಯಿ ಎಂದೇ ಬೀಳುತ್ತದೆ, ಇವತ್ತು ಬಿದ್ದಾಗ ಎಲ್ಲಿಯೋ ತಾಗಿತು, ಎದ್ದು ನಿಂತಾಗಿದೆ, ಬಾಯಿಂದ ಮರಾಠಿ ಬರುತ್ತಿದೆ, ತಪ್ಪೋ ಸರಿಯೋ, ಓದುವ ಮಕ್ಕಳು ಮಹಡಿ ಮೇಲೆ ಕೂರಲಿ, ಈ ಮಕ್ಕಳು ಕೆಳಗೆ ಇರಲಿ, ಇಬ್ಬರೂ ನಮ್ಮವರೇ, ಬಾಗಿಲು ಬೇಕಾದರೆ ಬೇರೆ ಬೇರೆ ಮಾಡೋಣ. ಯಾರೋ ನಕ್ಕರು, ಮಹಡಿ ಸೋರುತ್ತದೆ ಎಂದು ಇಂಜಿನಿಯರು ಅಂದ, ಸದಾನಂದರಾಯರು ಸುಟ್ಟ ಬೆರಳನ್ನು ಸವರಿಕೊಳ್ಳುತ್ತ ಮೃದುವಾಗಿಯೇ ಹೇಳಿದರು, ನಿಮ್ಮ ಮನಸ್ಸು ದೊಡ್ಡದು, ಆದರೆ ಜನ ನಮಗೆ ಓಟು ಕೊಟ್ಟಿದ್ದು ಇದಕ್ಕಲ್ಲ — ಕೈಗಳು ಎದ್ದವು, ಮೇಜಿನ ಆ ತುದಿಯಿಂದ ಈ ತುದಿಗೆ, ಅವಳದೊಂದು ತೊಡೆಯ ಮೇಲೇ ಉಳಿಯಿತು, ಎಷ್ಟು ಭಾರವಿತ್ತು ಆ ಕೈ, ತನ್ನದೇ ಅಲ್ಲವೇನೋ ಅನ್ನುವಷ್ಟು, ಠರಾವು ಪಾಸಾಯಿತು, ಮುಂದಿನ ವಿಷಯ ಗಟಾರದ್ದು.

ಹೊರಗಿನ ಪಡಸಾಲೆಯಲ್ಲಿ ಅನುಸೂಯಾಳ ಜೊತೆ ಆ ತಾಯಿ ಮಗ ಇಬ್ಬರೂ ನಿಂತಿದ್ದರು, ಅರ್ಧ ದಿನದ ಕೂಲಿ ಬಿಟ್ಟು ಯಾಕೆ ಬಂದರೋ, ಕಲ್ಲವ್ವ ಇವಳ ಮುಖ ನೋಡಿಯೇ ತಿಳಿದುಕೊಂಡಳು, ಹೋತೇನ್ರಿ ಯಕ್ಕಾ, ಅಂದಳು, ಹೋಯಿತು ಅನ್ನುವ ಬದಲು ರೇಣುವಿನ ಬಾಯಿಂದ ಬೇರೇನೋ ಬಂತು, ಅದನ್ನು ಯೋಚಿಸಿಯೂ ಇರಲಿಲ್ಲ, ಇಲ್ಲೇ ಪೇಠದಾಗ ನನ್ನ ಆಫೀಸಿನ ಹಿಂದ ಒಂದ ಕೋಲಿ ಅದ, ಬ್ಯಾನರು ಕುರ್ಚಿ ತುಂಬಿ ಇಟ್ಟೇವಿ, ತಗಸ್ತೀನಿ, ಗುರುವಾರ ನೀವು ಅಲ್ಲೇ ಬರ್ರಿ, ನಿಮ್ಮಂಗ ದೂರದವ್ರು ಎಲ್ಲಾರೂ ಬರ್ರಿ. ಅನುಸೂಯಾ ಅವಳನ್ನೇ ನೋಡಿದಳು, ಖರೇನ್ರಿ, ಮಂಡಳಿಯವ್ರನ್ನ ನಾ ಕೇಳ್ಕೋತೀನ್ರಿ, ಆದ್ರ ನಿಮ್ಮ ಪಕ್ಷದವ್ರು, ನಿಮ್ಮ ಯಜಮಾನ್ರು — ಬೈತಾರ, ಅಂದಳು ರೇಣು, ಬೈಲಿ. ಕಲ್ಲವ್ವ ಕೈ ಮುಗಿಯಲಿಲ್ಲ, ಅಳಲಿಲ್ಲ, ಹಂಗಾರ ಬರ್ತೀವ್ರಿ ಅಂದಳಷ್ಟೆ, ಹೊರಟಳು, ಮೆಟ್ಟಿಲ ಹತ್ತಿರ ಅವಳ ರಬ್ಬರ್ ಚಪ್ಪಲಿಯ ಬಾರು ಕಿತ್ತುಬಂತು, ಒಂದು ಕಾಲೆತ್ತಿ ನಿಂತಳು, ಹುಡುಗ ಯಾರೂ ಹೇಳದೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿ ತೆಗೆದುಕೊಂಡ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಾರನ್ನು ತೂತಿನೊಳಗೆ ತುರುಕುತ್ತಿದ್ದ, ಬೀಳಬಾರದೆಂದು ಅವಳು ಅವನ ತಲೆಯ ಮೇಲೆ ಕೈಯೂರಿದಳು — ಈಗ ಫೋನು ನಡುಗುತ್ತಿದೆ, ಗುರಣ್ಣ, ಮತ್ತೆ ಗುರಣ್ಣ, ಆಮೇಲೆ ಸದಾನಂದರಾಯರು, ಎತ್ತಬೇಕು, ಏನು ಹೇಳಬೇಕು, ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆಯೋ, ಮೊದಲು ಕಸ ಹೊಡೆಸಬೇಕು, ಒಂದು ಫ್ಯಾನು, ಎರಡು ಕುರ್ಚಿ, ಎದುರಾಎದುರು, ಮತ್ತೆ ಏನು, ಮತ್ತೆ — ಬಾರು ಸಿಕ್ಕಿದ ಮೇಲೂ ಅವನು ಏಳಲಿಲ್ಲ, ಅವಳು ಕೈ ತೆಗೆಯಲಿಲ್ಲ, ಒಂಟಿ ಕಾಲಲ್ಲಿ ನಿಂತ ತಾಯಿ, ಮಗನ ತಲೆಯ ಮೇಲೆ ಅವಳ ಕೈ, ಸಿಮೆಂಟು ಹಿಡಿದ ಬೆರಳು ಕೂದಲೊಳಗೆ, ಆ ಕೈಗೆ ಮಾತ್ರ ಭಾರವೇ ಇದ್ದಂತಿಲ್ಲ.